ತಳಿ ತಂತ್ರಜ್ಞಾನ ಮತ್ತು ಅಂಗವಿಕಲರ ಹಕ್ಕುಗಳು

ಜೀವಕೋಶದೊಳಗಿನ ಡಿಎನ್‌ಎಯನ್ನು ಓದುವುದು, ಅದರಲ್ಲಿನ ವ್ಯತ್ಯಾಸಗಳನ್ನು ಪತ್ತೆಹಚ್ಚುವುದು, ಆ ಮಾಹಿತಿಯನ್ನು ನೋಡಿ ಭ್ರೂಣವನ್ನು ಆರಿಸುವುದು, ವಂಶವಾಹಿಯನ್ನೇ ತಿದ್ದುವುದು - ಈ ಎಲ್ಲ ವಿಧಾನಗಳನ್ನು ಒಟ್ಟಾಗಿ ತಳಿ ತಂತ್ರಜ್ಞಾನ ಎನ್ನುತ್ತಾರೆ. ಗರ್ಭಿಣಿಯ ರಕ್ತಪರೀಕ್ಷೆ, ಗರ್ಭನೀರಿನ ಪರೀಕ್ಷೆ, ಪ್ರನಾಳ ಶಿಶು ಚಿಕಿತ್ಸೆಯಲ್ಲಿ ನಡೆಯುವ ಭ್ರೂಣ ತಪಾಸಣೆ, ಹಸುಗೂಸಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯ ಪರೀಕ್ಷೆ, ಜೀನ್ ಚಿಕಿತ್ಸೆ, ಕ್ರಿಸ್ಪರ್ ವಿಧಾನದ ತಿದ್ದುಪಡಿ ಇವೆಲ್ಲ ಇದರಲ್ಲಿ ಸೇರುತ್ತವೆ. ಇವುಗಳ ಉಪಯೋಗ ಹೇಳುವಾಗ ಅಂಗವೈಕಲ್ಯವನ್ನು ತಪ್ಪಿಸಬಹುದು ಎಂಬ ಮಾತು ಎಲ್ಲಕ್ಕಿಂತ ಮೊದಲು ಬರುತ್ತದೆ. ಆದರೆ ಯಾವುದನ್ನು ತಪ್ಪಿಸಬೇಕು, ಯಾವುದಕ್ಕೆ ಚಿಕಿತ್ಸೆ ಬೇಕು, ಯಾವುದರೊಂದಿಗೆ ಬದುಕಬಹುದು ಎಂದು ತೀರ್ಮಾನಿಸುವಾಗ ಅಂಗವಿಕಲರನ್ನು ಕೇಳಿದವರು ಕಡಿಮೆ. ಈ ಲೇಖನದ ವಸ್ತು ಆ ಕೊರತೆ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದಾರೆ. ಇವರಲ್ಲಿ ಅನೇಕರ ಅಂಗವೈಕಲ್ಯಕ್ಕೂ ವಂಶವಾಹಿಗೂ ಸಂಬಂಧವಿಲ್ಲ. ಹೆರಿಗೆಯ ಹೊತ್ತಿನ ತೊಡಕು, ಅಪೌಷ್ಟಿಕತೆ, ಸೋಂಕು, ರಸ್ತೆ ಅಪಘಾತ, ವಯಸ್ಸು ಇವೂ ದೊಡ್ಡ ಕಾರಣಗಳು. ಎಲ್ಲ ಅಂಗವೈಕಲ್ಯಕ್ಕೂ ಪ್ರಯೋಗಾಲಯದಲ್ಲಿ ಉತ್ತರ ಸಿಗುತ್ತದೆ ಎಂಬ ನಂಬಿಕೆ ಹುಟ್ಟಿದರೆ, ಹೆರಿಗೆ ಆಸ್ಪತ್ರೆಯ ಆಮ್ಲಜನಕಕ್ಕೂ ಶಾಲೆಯ ಇಳಿಜಾರು ದಾರಿಗೂ ಹೋಗಬೇಕಾದ ಹಣ ಬೇರೆ ಕಡೆ ಹೋಗುತ್ತದೆ.

ಸುಜನನಶಾಸ್ತ್ರದ ನೆರಳು

ಅಂಗವಿಕಲರ ಚಳವಳಿ ತಳಿವಿಜ್ಞಾನವನ್ನು ಅನುಮಾನದಿಂದ ನೋಡಲು ಚರಿತ್ರೆಯಲ್ಲಿ ಬಲವಾದ ಕಾರಣವಿದೆ. 1883ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಸುಜನನಶಾಸ್ತ್ರ ಎಂಬ ವಿಚಾರಕ್ಕೆ ಹೆಸರು ಕೊಟ್ಟ. 'ಒಳ್ಳೆಯ' ವಂಶದವರು ಹೆಚ್ಚು ಮಕ್ಕಳನ್ನು ಹೆರಬೇಕು, 'ಕೀಳು' ವಂಶದವರು ಹೆರಬಾರದು ಎಂಬುದು ಅದರ ತಿರುಳು. 1900ರಲ್ಲಿ ಮೆಂಡೆಲನ ಆನುವಂಶಿಕತೆಯ ನಿಯಮಗಳು ಮತ್ತೆ ಬೆಳಕಿಗೆ ಬಂದವು. ಬಟಾಣಿ ಗಿಡಗಳಲ್ಲಿ ಕಂಡದ್ದನ್ನು ಬಡತನಕ್ಕೂ ಬುದ್ಧಿಮಾಂದ್ಯಕ್ಕೂ ಅಪರಾಧಕ್ಕೂ ಅನ್ವಯಿಸುವ ಆತುರ ಆಗ ಶುರುವಾಯಿತು.

1907ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯ ಬಲವಂತದ ಸಂತಾನಹರಣಕ್ಕೆ ಕಾನೂನು ಮಾಡಿತು. ಬೇರೆ ರಾಜ್ಯಗಳೂ ಅದನ್ನು ಅನುಸರಿಸಿದವು. ವರ್ಜೀನಿಯಾದ ಕ್ಯಾರಿ ಬಕ್ ಎಂಬ ಯುವತಿಯ ಮೊಕದ್ದಮೆಯಲ್ಲಿ 1927ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ಇಂಥ ಶಸ್ತ್ರಚಿಕಿತ್ಸೆ ಸಂವಿಧಾನಬದ್ಧ ಎಂದಿತು. ಆಕೆಗೆ ಬುದ್ಧಿಮಾಂದ್ಯ ಇರಲಿಲ್ಲ. ಅತ್ಯಾಚಾರದಿಂದ ಗರ್ಭಿಣಿಯಾದ ಬಡ ಹುಡುಗಿಯನ್ನು ಸಾಕಿದ ಮನೆಯವರೇ ಆಶ್ರಯಧಾಮಕ್ಕೆ ಸೇರಿಸಿದ್ದರು ಎಂಬುದು ಬಹಳ ತಡವಾಗಿ ಗೊತ್ತಾಯಿತು. ಅಮೆರಿಕದಲ್ಲಿ ಇಂಥ ಕಾನೂನುಗಳಡಿ ಸಂತಾನಶಕ್ತಿ ಕಳೆದುಕೊಂಡವರು 60 ಸಾವಿರಕ್ಕೂ ಹೆಚ್ಚು. ಸ್ವೀಡನ್‌ನಂಥ ಕಲ್ಯಾಣ ರಾಜ್ಯದಲ್ಲೂ 1975ರವರೆಗೆ ಸಾವಿರಾರು ಜನರಿಗೆ ಹೀಗೆ ಆಯಿತು.

ಜರ್ಮನಿಯಲ್ಲಿ ಇದು ಕೊಲೆಗೆ ತಿರುಗಿತು. ನಾತ್ಸಿ ಸರ್ಕಾರದ 1933ರ ಕಾನೂನು ಕುರುಡುತನ, ಕಿವುಡುತನ, ಮೂರ್ಛೆರೋಗ, ಬುದ್ಧಿಮಾಂದ್ಯ ಮುಂತಾದವನ್ನು ಆನುವಂಶಿಕ ಎಂದು ಪಟ್ಟಿ ಮಾಡಿ ಸುಮಾರು 4 ಲಕ್ಷ ಜನರಿಗೆ ಬಲವಂತವಾಗಿ ಸಂತಾನಹರಣ ಮಾಡಿಸಿತು. 1939ರಲ್ಲಿ 'ಟಿ-4' ಎಂಬ ಗುಪ್ತ ಕಾರ್ಯಕ್ರಮ ಶುರುವಾಯಿತು. 1941ರ ಆಗಸ್ಟ್ ಹೊತ್ತಿಗೆ ಅನಿಲ ಕೋಣೆಗಳಲ್ಲಿ ಸುಮಾರು 70 ಸಾವಿರ ಅಂಗವಿಕಲರು ಸತ್ತಿದ್ದರು. ಯಾರನ್ನು ಅಲ್ಲಿಗೆ ಕಳಿಸಬೇಕು ಎಂದು ನಮೂನೆಯ ಮೇಲೆ ಗುರುತು ಹಾಕಿದವರು ವೈದ್ಯರು. ಯಹೂದಿಗಳನ್ನು ಕೊಲ್ಲುವ ಶಿಬಿರಗಳಿಗೆ ಬೇಕಾದ ವಿಧಾನವನ್ನೂ ಸಿಬ್ಬಂದಿಯನ್ನೂ ಇಲ್ಲಿಂದಲೇ ಒಯ್ದರು.

ಇದನ್ನು ಹಳೆಯ ಕಥೆ ಎಂದು ಬಿಡುವಂತಿಲ್ಲ. ಜಪಾನಿನ ಸುಜನನ ರಕ್ಷಣಾ ಕಾನೂನು 1948ರಿಂದ 1996ರವರೆಗೂ ಜಾರಿಯಲ್ಲಿತ್ತು. ಅದರಡಿ ಸುಮಾರು 25 ಸಾವಿರ ಜನರಿಗೆ ಸಂತಾನಹರಣ ಆಯಿತು, ಅವರಲ್ಲಿ ಸುಮಾರು 16,500 ಮಂದಿಯ ಒಪ್ಪಿಗೆಯನ್ನೇ ಕೇಳಿರಲಿಲ್ಲ. ಆ ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿತ್ತು ಎಂದು ಜಪಾನಿನ ಸುಪ್ರೀಂ ಕೋರ್ಟ್ ಹೇಳಿದ್ದು 2024ರ ಜುಲೈನಲ್ಲಿ. ತೀರ್ಪು ಕೇಳಲು ಗಾಲಿಕುರ್ಚಿಯಲ್ಲಿ ಬಂದವರು ಆ ಹೊತ್ತಿಗೆ ಮುದುಕರಾಗಿದ್ದರು. ನಮ್ಮಲ್ಲೂ 1994ರಲ್ಲಿ ಪುಣೆಯಲ್ಲಿ, ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ಅಂಗವೈಕಲ್ಯದ ಹೆಣ್ಣುಮಕ್ಕಳ ಗರ್ಭಕೋಶ ತೆಗೆಯಲಾಯಿತು. ಮುಟ್ಟಿನ ದಿನಗಳಲ್ಲಿ ನೋಡಿಕೊಳ್ಳುವುದು ಕಷ್ಟ ಎಂಬುದು ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಪ್ರತಿಭಟಿಸಿದ ಮೇಲೆ ಅದು ನಿಂತಿತು.

ಗರ್ಭದಲ್ಲೇ ಪತ್ತೆ

1959ರಲ್ಲಿ ಫ್ರಾನ್ಸಿನ ಜೆರೋಮ್ ಲೆಜೂನ್ ತಂಡ ಡೌನ್ ಸಿಂಡ್ರೋಮ್ ಇರುವವರಲ್ಲಿ 21ನೇ ವರ್ಣತಂತು ಎರಡರ ಬದಲು ಮೂರು ಇರುತ್ತದೆ ಎಂದು ಪ್ರಕಟಿಸಿತು. ಹತ್ತು ವರ್ಷ ಕಳೆಯುವುದರೊಳಗೆ ಗರ್ಭನೀರನ್ನು ಸೂಜಿಯಿಂದ ತೆಗೆದು ಶಿಶುವಿನ ವರ್ಣತಂತು ಎಣಿಸುವುದು ಸಾಧ್ಯವಾಯಿತು. ಈ ಪರೀಕ್ಷೆಯಿಂದ ಗರ್ಭ ಇಳಿದುಹೋಗುವ ಸಣ್ಣ ಅಪಾಯವಿದ್ದುದರಿಂದ ಎಲ್ಲರಿಗೂ ಮಾಡುತ್ತಿರಲಿಲ್ಲ. ತಾಯಿಯ ರಕ್ತದಲ್ಲೇ ಶಿಶುವಿನ ಡಿಎನ್‌ಎ ತುಣುಕುಗಳು ತೇಲುತ್ತಿರುತ್ತವೆ ಎಂದು 1997ರಲ್ಲಿ ಡೆನಿಸ್ ಲೋ ತೋರಿಸಿಕೊಟ್ಟರು. 2011ರಲ್ಲಿ ಅದೇ ತತ್ವದ ರಕ್ತಪರೀಕ್ಷೆ ಮಾರುಕಟ್ಟೆಗೆ ಬಂತು. ಈಗ ಬೆಂಗಳೂರಿನಲ್ಲೂ ಸಣ್ಣ ಜಿಲ್ಲಾ ಕೇಂದ್ರಗಳಲ್ಲೂ ಗರ್ಭಿಣಿಯ ತೋಳಿನಿಂದ ಒಂದು ಕೊಳವೆ ರಕ್ತ ತೆಗೆದು ಹತ್ತನೇ ವಾರದ ನಂತರ ಈ ತಪಾಸಣೆ ಮಾಡಿಸಬಹುದು.

ಡೌನ್ ಸಿಂಡ್ರೋಮ್ ವಿಷಯದಲ್ಲಿ ಈ ಪರೀಕ್ಷೆ ಸಾಕಷ್ಟು ನಿಖರ. ಆದರೂ ಇದು ಸಾಧ್ಯತೆಯನ್ನು ಹೇಳುವ ತಪಾಸಣೆಯೇ ಹೊರತು ರೋಗನಿರ್ಣಯವಲ್ಲ. ವರ್ಣತಂತುವಿನ ಅತಿ ಸಣ್ಣ ತುಣುಕು ಕಳೆದುಹೋಗಿರುವಂಥ ವಿರಳ ಸ್ಥಿತಿಗಳನ್ನು ಹುಡುಕುವಾಗ 'ಇದೆ' ಎಂಬ ಫಲಿತಾಂಶಗಳಲ್ಲಿ ಅನೇಕವು ತಪ್ಪಾಗಿರುತ್ತವೆ. ಈ ಒಂದೇ ಫಲಿತಾಂಶ ನೋಡಿ ಗರ್ಭದ ಬಗ್ಗೆ ನಿರ್ಧಾರ ಮಾಡಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರ ಏಪ್ರಿಲ್‌ನಲ್ಲಿ ಎಚ್ಚರಿಸಿತು.

ಐಸ್‌ಲ್ಯಾಂಡ್‌ನಲ್ಲಿ ಗರ್ಭಿಣಿಯರಲ್ಲಿ ಹೆಚ್ಚಿನವರು ತಪಾಸಣೆಗೆ ಒಪ್ಪುತ್ತಾರೆ, ಡೌನ್ ಸಿಂಡ್ರೋಮ್ ಖಚಿತವಾದವರಲ್ಲಿ ಬಹುತೇಕ ಎಲ್ಲರೂ ಗರ್ಭ ತೆಗೆಸುತ್ತಾರೆ. 2004ರಲ್ಲಿ ಎಲ್ಲ ಗರ್ಭಿಣಿಯರಿಗೂ ತಪಾಸಣೆಯ ಅವಕಾಶ ಕೊಟ್ಟ ಡೆನ್ಮಾರ್ಕ್‌ನಲ್ಲಿ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಜನನ ತೀರ ಇಳಿಯಿತು. ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ, ಅದರ ಸುದ್ದಿ ಮಾತ್ರ ಅಷ್ಟು ಹರಡಿಲ್ಲ. ಅಮೆರಿಕದಲ್ಲಿ 1983ರ ಸುಮಾರಿಗೆ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು 25 ವರ್ಷವಿತ್ತು, ಈಗ ಸುಮಾರು 60. ಇದಕ್ಕೆ ಕಾರಣ ಹೃದಯದ ಶಸ್ತ್ರಚಿಕಿತ್ಸೆಯನ್ನು ಅವರಿಗೂ ಮಾಡತೊಡಗಿದ್ದು, ದೊಡ್ಡಿಯಂಥ ಆಶ್ರಮಗಳಿಂದ ಬಿಡಿಸಿ ಮನೆಯಲ್ಲಿ ಬೆಳೆಸಿದ್ದು. ಅವರ ಜೀನ್‌ಗಳಲ್ಲಿ ಏನೂ ಬದಲಾಗಿಲ್ಲ. ಪರೀಕ್ಷೆಯ ವರದಿ ಕೈಗಿಡುವ ವೈದ್ಯರು ಈ ಎರಡನೆಯ ಸಂಗತಿಯನ್ನೂ ಹೇಳಬೇಕಲ್ಲವೇ? 2008ರಲ್ಲಿ ಅಮೆರಿಕ ಅದಕ್ಕಾಗಿಯೇ ಒಂದು ಕಾಯ್ದೆ ಮಾಡಿ, ಫಲಿತಾಂಶ ಪಡೆದ ಕುಟುಂಬಗಳಿಗೆ ಆ ಸ್ಥಿತಿಯ ಬಗ್ಗೆ ಹೊಸ, ಸಮತೋಲನದ ಮಾಹಿತಿ ಮತ್ತು ನೆರವಿನ ವಿಳಾಸ ಸಿಗುವಂತೆ ಮಾಡಲು ಹೊರಟಿತು.

ಈ ಚರ್ಚೆಗೆ ತಾತ್ವಿಕ ರೂಪ ಕೊಟ್ಟವರಲ್ಲಿ ಮುಖ್ಯರು ಏಡ್ರಿಯನ್ ಆಶ್ (1946-2013). ಅವಧಿಗೆ ಮುಂಚೆ ಹುಟ್ಟಿ ದೃಷ್ಟಿ ಕಳೆದುಕೊಂಡ ಈ ಅಮೆರಿಕನ್ ವಿದುಷಿ ಮಹಿಳೆಯ ಗರ್ಭಪಾತದ ಹಕ್ಕನ್ನು ಗಟ್ಟಿಯಾಗಿ ಬೆಂಬಲಿಸಿದವರು. ಅವರ ವಾದ ಹೀಗಿತ್ತು: ಈಗ ಮಗು ಬೇಡ ಎಂದು ನಿರ್ಧರಿಸುವುದೇ ಬೇರೆ, ಮಗು ಬೇಕೆಂದು ಬಯಸಿ ಒಂದು ಲಕ್ಷಣ ಗೊತ್ತಾದ ಕೂಡಲೇ 'ಈ ಮಗು' ಬೇಡ ಎನ್ನುವುದೇ ಬೇರೆ. ಎರಡನೆಯದರಲ್ಲಿ ಒಂದು ಲಕ್ಷಣ ಇಡೀ ಮನುಷ್ಯನನ್ನು ಮರೆಮಾಡುತ್ತದೆ. ಆ ಲಕ್ಷಣದೊಂದಿಗೆ ಈಗ ಬದುಕುತ್ತಿರುವವರಿಗೆ, ನಿಮ್ಮಂಥವರು ಹುಟ್ಟದಿದ್ದರೆ ಒಳ್ಳೆಯದಿತ್ತು ಎಂಬ ಸಂದೇಶವನ್ನೂ ಅದು ಕೊಡುತ್ತದೆ. ಇದಕ್ಕೆ ಉತ್ತರವಾಗಿ ಅನೇಕರು ಹೇಳಿದ್ದು, ಒಬ್ಬ ತಾಯಿಯ ತೀರ್ಮಾನದ ಹಿಂದೆ ಹಣದ ಚಿಂತೆ, ಮೊದಲ ಮಗುವಿನ ಆರೈಕೆ, ಗಂಡನ ಬೆಂಬಲ ಹೀಗೆ ಸಾವಿರ ಕಾರಣಗಳಿರಬಹುದು, ಅದನ್ನು ಸಮುದಾಯಕ್ಕೆ ಕೊಟ್ಟ ಸಂದೇಶ ಎಂದು ಓದುವುದು ಅನ್ಯಾಯ. ಈ ಉತ್ತರದಲ್ಲಿ ಹುರುಳಿದೆ. ಆದರೆ ಸರ್ಕಾರವೇ ಹಣ ಕೊಟ್ಟು, ಪಟ್ಟಿ ಮಾಡಿ, ಎಲ್ಲರಿಗೂ ತಪಾಸಣೆ ನಡೆಸಿದಾಗ ಅದು ಒಬ್ಬ ತಾಯಿಯ ತೀರ್ಮಾನವಾಗಿ ಉಳಿಯುವುದಿಲ್ಲ, ಸಾರ್ವಜನಿಕ ನೀತಿಯಾಗುತ್ತದೆ. ನೀತಿ ಏನು ಹೇಳುತ್ತಿದೆ ಎಂದು ಕೇಳುವ ಹಕ್ಕು ಪ್ರಜೆಗಳಿಗಿದೆ.

ಇಂಗ್ಲೆಂಡಿನ ಹೈಡಿ ಕ್ರೌಟರ್ ಆ ಪ್ರಶ್ನೆಯನ್ನು ನ್ಯಾಯಾಲಯಕ್ಕೆ ಒಯ್ದರು. ಆಕೆಗೆ ಡೌನ್ ಸಿಂಡ್ರೋಮ್ ಇದೆ. ಆ ದೇಶದಲ್ಲಿ 24 ವಾರಗಳ ನಂತರ ಸಾಮಾನ್ಯವಾಗಿ ಗರ್ಭಪಾತ ಮಾಡುವಂತಿಲ್ಲ, ಆದರೆ ಶಿಶುವಿಗೆ ಗಂಭೀರ ಅಂಗವೈಕಲ್ಯದ ಅಪಾಯವಿದ್ದರೆ ಕಾಲಮಿತಿ ಇಲ್ಲ. ಇದು ತಾರತಮ್ಯ ಎಂಬುದು ಆಕೆಯ ವಾದ. 2021ರಲ್ಲಿ ಹೈಕೋರ್ಟ್, 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿದವು. ಮೊಕದ್ದಮೆ ಸೋತರೂ, ಡೌನ್ ಸಿಂಡ್ರೋಮ್ ಇರುವ ಹೆಣ್ಣುಮಗಳೊಬ್ಬಳು ತನ್ನಂಥವರ ವಿಷಯವನ್ನು ತಾನೇ ಮುಂದೆ ನಿಂತು ವಾದಿಸಿದ್ದು ಈ ಚರ್ಚೆಯಲ್ಲಿ ದೊಡ್ಡ ಘಟನೆ.

ಮಹಿಳೆಯ ಹಕ್ಕು ಮತ್ತು ಅಂಗವಿಕಲರ ಹಕ್ಕನ್ನು ಎದುರುಬದುರು ನಿಲ್ಲಿಸುವ ಪ್ರಯತ್ನವೂ ನಡೆದಿದೆ. ಅಂಗವಿಕಲರ ಹಕ್ಕುಗಳ ಮತ್ತು ಮಹಿಳೆಯರ ಹಕ್ಕುಗಳ ವಿಶ್ವಸಂಸ್ಥೆಯ ಸಮಿತಿಗಳೆರಡೂ 2018ರ ಆಗಸ್ಟ್‌ನಲ್ಲಿ ಜಂಟಿ ಹೇಳಿಕೆ ಕೊಟ್ಟು, ಅಂಗವೈಕಲ್ಯದ ನೆಪದಲ್ಲಿ ಸುರಕ್ಷಿತ ಗರ್ಭಪಾತದ ಹಕ್ಕನ್ನು ಮೊಟಕುಗೊಳಿಸಬಾರದು, ಬದಲಿಗೆ ಅಂಗವಿಕಲರ ಬಗೆಗಿನ ಕಳಂಕವನ್ನು ತೊಡೆಯಬೇಕು ಎಂದವು. ಇದೇ ಸರಿಯಾದ ದಾರಿ. ತಾಯಿಯ ಕೈ ಕಟ್ಟಿಹಾಕಿ ಅಂಗವಿಕಲರಿಗೆ ಘನತೆ ತರಲಾಗದು.

ಭಾರತದ ಕಾನೂನು

ನಮ್ಮ ಯಾವುದೇ ಊರಿನ ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದರೂ ಬಾಗಿಲ ಬಳಿ ಒಂದು ಫಲಕ ಕಾಣುತ್ತದೆ: ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಈ ಫಲಕವನ್ನು ಕಡ್ಡಾಯ ಮಾಡಿದ್ದು 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯ್ದೆ. ಒಳಗೆ ನಡೆಯುವ ಪರೀಕ್ಷೆ ಯಾವ ಕಾರಣಕ್ಕೆ ಮಾತ್ರ ನಡೆಯಬಹುದು ಎಂಬುದನ್ನೂ ಅದೇ ಕಾಯ್ದೆಯ 4ನೇ ಕಲಂ ಹೇಳುತ್ತದೆ: ವರ್ಣತಂತುವಿನ ದೋಷ, ಆನುವಂಶಿಕ ಚಯಾಪಚಯ ಕಾಯಿಲೆ, ಹಿಮೋಗ್ಲೋಬಿನ್ ಕಾಯಿಲೆ, ಲಿಂಗಕ್ಕೆ ಸಂಬಂಧಿಸಿದ ಆನುವಂಶಿಕ ಕಾಯಿಲೆ, ಜನ್ಮಜಾತ ವೈಕಲ್ಯ. ಹೀಗೆ ಒಂದೇ ಕಾಯ್ದೆ ಹೆಣ್ಣು ಎಂಬ ಕಾರಣಕ್ಕೆ ಹುಡುಕುವುದನ್ನು ಅಪರಾಧ ಮಾಡಿ, ಅಂಗವೈಕಲ್ಯವನ್ನು ಹುಡುಕುವುದಕ್ಕೆ ಪರವಾನಗಿ ಕೊಟ್ಟಿತು. ಈ ಗೆರೆಯನ್ನು ಎಲ್ಲಿ, ಯಾಕೆ ಎಳೆದಿರಿ ಎಂದು ಕೇಳಿದವರು ಪೋಲಿಯೊದಿಂದ ಅಂಗವಿಕಲರಾಗಿದ್ದ ದೆಹಲಿಯ ಸ್ತ್ರೀವಾದಿ ವಿದ್ವಾಂಸೆ ಅನಿತಾ ಘಾಯ್. ರಚನಾ ಜೋಹ್ರಿ ಅವರೊಂದಿಗೆ ಬರೆದ 2008ರ ಲೇಖನದಲ್ಲಿ ಅವರು ಹೆಣ್ಣುಭ್ರೂಣ ಹತ್ಯೆಯ ವಿರುದ್ಧ ದನಿ ಎತ್ತಿದ ಮಹಿಳಾ ಚಳವಳಿ ಅಂಗವಿಕಲ ಭ್ರೂಣದ ವಿಷಯದಲ್ಲಿ ಮೌನವಾಗಿರುವುದನ್ನು ಎತ್ತಿ ತೋರಿಸಿದರು. ಹೆಣ್ಣುಮಗು ಹೊರೆ ಎಂಬುದು ಸಮಾಜದ ತಪ್ಪು ಎಂದು ಒಪ್ಪುವವರು ಅಂಗವಿಕಲ ಮಗು ಹೊರೆ ಎಂಬುದನ್ನು ಪ್ರಕೃತಿಯ ಸತ್ಯ ಎಂದು ಒಪ್ಪಿಬಿಡುತ್ತಾರೆ. ಘಾಯ್ ಅವರ ಪ್ರಶ್ನೆಗೆ ಇವತ್ತಿಗೂ ಯಾರೂ ತೃಪ್ತಿಕರವಾಗಿ ಉತ್ತರಿಸಿಲ್ಲ.

1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಹುಟ್ಟುವ ಮಗುವಿಗೆ ಗಂಭೀರ ದೈಹಿಕ ಅಥವಾ ಮಾನಸಿಕ ವೈಪರೀತ್ಯದ ಅಪಾಯವಿದ್ದರೆ ಗರ್ಭಪಾತಕ್ಕೆ ಅವಕಾಶ ಕೊಟ್ಟಿತ್ತು, ಮಿತಿ 20 ವಾರ. 2008ರಲ್ಲಿ ಹೃದಯದ ತೊಂದರೆಯಿದ್ದ ಶಿಶುವಿನ ಗರ್ಭಪಾತಕ್ಕೆ ಅನುಮತಿ ಕೇಳಿ ದಂಪತಿಯೊಬ್ಬರು ಬಾಂಬೆ ಹೈಕೋರ್ಟಿಗೆ ಹೋಗಿ ನಿರಾಶರಾದ ಮೇಲೆ ಈ ಮಿತಿಯ ಚರ್ಚೆ ದೇಶದಾದ್ಯಂತ ನಡೆಯಿತು. 2021ರ ತಿದ್ದುಪಡಿ ಕೆಲವು ವರ್ಗದ ಮಹಿಳೆಯರಿಗೆ ಮಿತಿಯನ್ನು 24 ವಾರಕ್ಕೆ ಏರಿಸಿತು. ಶಿಶುವಿನಲ್ಲಿ ಗಣನೀಯ ವೈಪರೀತ್ಯವಿದೆ ಎಂದು ವೈದ್ಯಕೀಯ ಮಂಡಳಿ ಹೇಳಿದರೆ ಮಿತಿಯನ್ನೇ ತೆಗೆಯಿತು. 2023ರಲ್ಲಿ 26 ವಾರದ ಗರ್ಭಿಣಿಯೊಬ್ಬರು ಹಿಂದಿನ ಹೆರಿಗೆಯ ನಂತರದ ಖಿನ್ನತೆಯಿಂದ ಬಳಲುತ್ತಿರುವುದಾಗಿ ಹೇಳಿ ಸುಪ್ರೀಂ ಕೋರ್ಟಿಗೆ ಹೋದಾಗ ಅನುಮತಿ ಸಿಗಲಿಲ್ಲ. ಶಿಶುವಿನಲ್ಲಿ ವೈಪರೀತ್ಯ ಇಲ್ಲ ಎಂಬುದು ಅಲ್ಲಿ ಒಂದು ಮುಖ್ಯ ಕಾರಣವಾಯಿತು. ಅಂದರೆ ತಡವಾದ ಗರ್ಭಪಾತದಲ್ಲಿ ನಮ್ಮ ಕಾನೂನು ತಾಯಿಯ ಇಚ್ಛೆಗಿಂತ ಶಿಶುವಿನ ಅಂಗವೈಕಲ್ಯಕ್ಕೆ ಹೆಚ್ಚು ತೂಕ ಕೊಡುತ್ತದೆ. ಇದರಿಂದ ಇಬ್ಬರಿಗೂ ನ್ಯಾಯ ಸಿಕ್ಕಿಲ್ಲ.

ಇದಕ್ಕೆ ಎದುರಾಗಿ ನಿಲ್ಲುವ ಒಂದು ಉಜ್ವಲ ತೀರ್ಪು ಇದೆ. ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ, ಸೌಮ್ಯ ಬೌದ್ಧಿಕ ಅಂಗವೈಕಲ್ಯದ ಯುವತಿಯ ಗರ್ಭ ತೆಗೆಸಲು ಹೈಕೋರ್ಟ್ ಆದೇಶಿಸಿತ್ತು. ಆಕೆಗೆ ಮಗು ಬೇಕಿತ್ತು. 2009ರಲ್ಲಿ ಸುಪ್ರೀಂ ಕೋರ್ಟ್ ಆಕೆಯ ಇಚ್ಛೆಯನ್ನು ಎತ್ತಿಹಿಡಿದು, ಸಂತಾನದ ಆಯ್ಕೆ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದಿತು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನೂ ಉಲ್ಲೇಖಿಸಿತು. 2006ರ ಡಿಸೆಂಬರ್ 13ರಂದು ಅಂಗೀಕಾರವಾದ ಆ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರ್ 1ರಂದು ಒಪ್ಪಿಕೊಂಡಿದೆ. ಒಪ್ಪಿಗೆಯಿಲ್ಲದೆ ವೈದ್ಯಕೀಯ ಪ್ರಯೋಗ ಕೂಡದು, ಸಂತಾನಶಕ್ತಿಯನ್ನು ಉಳಿಸಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ವಿಮೆಯಲ್ಲಿ ತಾರತಮ್ಯ ಸಲ್ಲದು ಎಂಬ ಅದರ ಮಾತುಗಳು ನೇರವಾಗಿ ತಳಿ ತಂತ್ರಜ್ಞಾನಕ್ಕೆ ಅನ್ವಯಿಸುತ್ತವೆ.

ಆ ಒಡಂಬಡಿಕೆಗೆ ಅನುಗುಣವಾಗಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯಗಳ ಪಟ್ಟಿಯನ್ನು 7ರಿಂದ 21ಕ್ಕೆ ಏರಿಸಿತು. ಥಲಸ್ಸೀಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್, ಸ್ನಾಯುಕ್ಷಯದಂಥ ಆನುವಂಶಿಕ ಕಾಯಿಲೆಗಳು ಮೊದಲ ಬಾರಿ ಪಟ್ಟಿಗೆ ಬಂದವು. ಆದರೆ ಉದ್ಯೋಗದ ಶೇ 4 ಮೀಸಲಾತಿಯನ್ನು ಹಂಚುವ 34ನೇ ಕಲಂನಲ್ಲಿ ಈ ರಕ್ತದ ಕಾಯಿಲೆಗಳಿಗೆ ಜಾಗವಿಲ್ಲ. ತಿಂಗಳಿಗೆರಡು ಸಲ ರಕ್ತ ಹಾಕಿಸಿಕೊಳ್ಳುತ್ತ ಪದವಿ ಮುಗಿಸಿದ ಥಲಸ್ಸೀಮಿಯಾದ ಹುಡುಗನ ಕೈಯಲ್ಲಿ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡ್ ಇರುತ್ತದೆ, ಅರ್ಜಿಯಲ್ಲಿ ತುಂಬಲು ಕಾಲಂ ಇರುವುದಿಲ್ಲ. ಇದೇ ಕಾಯ್ದೆಯ 10ನೇ ಕಲಂ ಒಪ್ಪಿಗೆಯಿಲ್ಲದ ಸಂತಾನಹರಣವನ್ನು ನಿಷೇಧಿಸುತ್ತದೆ, 92ನೇ ಕಲಂ ಅಂಗವಿಕಲ ಮಹಿಳೆಯ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿದವರಿಗೆ 5 ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ಆದರೆ ಅಂಗವೈಕಲ್ಯ ತೀವ್ರವಾಗಿದ್ದರೆ ವೈದ್ಯರ ಅಭಿಪ್ರಾಯ ಮತ್ತು ಪೋಷಕರ ಒಪ್ಪಿಗೆ ಸಾಕು ಎಂಬ ವಿನಾಯಿತಿಯೂ ಅಲ್ಲೇ ಇದೆ. ಹೆಚ್ಚು ರಕ್ಷಣೆ ಬೇಕಾದವರಿಗೇ ಅದು ಕಡಿಮೆಯಾಯಿತು.

ಹಂದಿಗೋಡು

ಕರ್ನಾಟಕದ ಮಟ್ಟಿಗೆ ಈ ವಿಷಯದಲ್ಲಿ ಮರೆಯಬಾರದ ಊರು ಸಾಗರ ತಾಲ್ಲೂಕಿನ ಹಂದಿಗೋಡು. 1970ರ ದಶಕದ ನಡುವೆ ಅಲ್ಲಿಯ ಮತ್ತು ಸುತ್ತಲ ಮಲೆನಾಡು ಹಳ್ಳಿಗಳ ಚನ್ನಂಗಿ, ಚಲವಾದಿ ದಲಿತ ಕುಟುಂಬಗಳಲ್ಲಿ ಸೊಂಟ, ಮಂಡಿ ಸವೆದು ನೋಯುವ ಕಾಯಿಲೆ ಹೊರಜಗತ್ತಿಗೆ ತಿಳಿಯಿತು. ಕೆಲವರಲ್ಲಿ ನೋವಿನ ಜೊತೆಗೆ ಮೈ ಗಿಡ್ಡವಾಗಿ ಉಳಿಯುತ್ತಿತ್ತು. ದಿನವಿಡೀ ಬಗ್ಗಿ ನಾಟಿ ಮಾಡುವ, ಹೊರೆ ಹೊರುವ ಕೂಲಿಯವರಿಗೆ ಸೊಂಟ ಹೋದರೆ ಅನ್ನವೇ ಹೋದಂತೆ. ಕಾಯಿಲೆ ಬಲಿತವರು ಕೋಲೂರಿ ನಡೆದರು, ಇನ್ನೂ ಕೆಲವರು ತೆವಳಿದರು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ತಜ್ಞರು ಬಂದು ಅಧ್ಯಯನ ಮಾಡಿದರು. ಕೀಟನಾಶಕ ಹೊಡೆದ ಗದ್ದೆಯ ಏಡಿ ತಿಂದದ್ದೇ ಕಾರಣವಿರಬಹುದು ಎಂಬ ಶಂಕೆ ಮೊದಲು ಹುಟ್ಟಿತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನಗಳು ವಂಶವೃಕ್ಷಗಳನ್ನು ಬಿಡಿಸಿ ನೋಡಿ, ಇದು ತಂದೆ ಅಥವಾ ತಾಯಿ ಒಬ್ಬರಿಂದಲೇ ಬರಬಲ್ಲ ಆನುವಂಶಿಕ ಮೂಳೆಕೀಲು ಕಾಯಿಲೆ, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧದಷ್ಟು ಎಂದು ಕಂಡುಕೊಂಡವು. ವಿಜ್ಞಾನಕ್ಕೆ ಇದೊಂದು ಮಹತ್ವದ ಉತ್ತರ. ರೋಗಿಗೆ ಅದರಿಂದ ಸಿಕ್ಕಿದ್ದೇನು? ಕಾರಣ ಗೊತ್ತಾಯಿತು, ಗುಣ ಮಾಡುವ ಔಷಧ ಬರಲಿಲ್ಲ. ನೋವಿನ ಮಾತ್ರೆ, ಕೆಲವರಿಗೆ ಕೃತಕ ಕೀಲು, ಮಾಸಾಶನ, ಬಗ್ಗದೆ ಮಾಡಬಹುದಾದ ಕೆಲಸ - ಅವರಿಗೆ ಆಗಲೂ ಈಗಲೂ ಬೇಕಿರುವುದು ಇಂಥವು. ಒಂದು ಸಮುದಾಯದ ರಕ್ತ, ಎಕ್ಸ್‌ರೇ, ಮನೆತನದ ವಿವರ ಪಡೆದ ಸಂಶೋಧನೆ ಆ ಸಮುದಾಯಕ್ಕೆ ಏನನ್ನು ತಿರುಗಿ ಕೊಡಬೇಕು ಎಂಬ ಪ್ರಶ್ನೆ ಜಗತ್ತಿನ ತಳಿವಿಜ್ಞಾನದ ನೀತಿಶಾಸ್ತ್ರದಲ್ಲಿ ಈಗ ದೊಡ್ಡದು. ನಮಗೆ ಅದು ಐವತ್ತು ವರ್ಷ ಹಿಂದೆಯೇ ಸಾಗರದ ಮಗ್ಗುಲಲ್ಲಿ ಎದುರಾಗಿತ್ತು.

ಸಿಕಲ್ ಸೆಲ್ ಕಾಯಿಲೆಯಲ್ಲೂ ಇದೇ ಎಚ್ಚರ ಬೇಕು. ಭಾರತದಲ್ಲಿ ಈ ಜೀನ್ ಮೊದಲು ಪತ್ತೆಯಾದದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ಆ ಬೆಟ್ಟಗಳಿಗೆ ಅಂಟಿಕೊಂಡಿರುವ ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಹಾಡಿಗಳಲ್ಲೂ ಅದು ಇದೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಅಭಿಯಾನ 40 ವರ್ಷದೊಳಗಿನ 7 ಕೋಟಿ ಜನರನ್ನು ತಪಾಸಣೆ ಮಾಡಿ, 2047ರೊಳಗೆ ಕಾಯಿಲೆಯನ್ನು ನಿರ್ಮೂಲ ಮಾಡುವ ಗುರಿ ಇಟ್ಟುಕೊಂಡಿದೆ. ತಪಾಸಣೆ ಆದವರಿಗೆ ಕಾರ್ಡ್ ಕೊಡುತ್ತಾರೆ. ಮದುವೆಗೆ ಮುಂಚೆ ಹುಡುಗ, ಹುಡುಗಿಯ ಕಾರ್ಡ್ ಹೋಲಿಸಿ ನೋಡಬೇಕು. ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ವಾಹಕರು ಸ್ವತಃ ಆರೋಗ್ಯವಂತರು, ಆದರೆ ಹಾಡಿಯಲ್ಲಿ ಕಾರ್ಡಿನ ಫಲಿತಾಂಶ ಗುಟ್ಟಾಗಿ ಉಳಿಯುವುದು ಕಷ್ಟ, ಮದುವೆ ತಪ್ಪಿದಾಗ ಮಾತು ಕೇಳುವವಳು ಹೆಚ್ಚಾಗಿ ಹುಡುಗಿ. ಕಾರ್ಡ್ ಹಂಚಿದಷ್ಟೇ ಶ್ರದ್ಧೆಯಿಂದ ಕಾಯಿಲೆಯ ನೋವನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಸಿಗುವಂತಾದರೆ ಮಾತ್ರ ಈ ಅಭಿಯಾನ ರೋಗಿಯ ಪರವಾಗಿರುತ್ತದೆ.

ಸೋದರಮಾವ, ಅತ್ತೆಯ ಮಗ ಇಂಥ ಹತ್ತಿರದ ಸಂಬಂಧದ ಮದುವೆ ಕರ್ನಾಟಕದಲ್ಲಿ ಇಂದಿಗೂ ಸುಮಾರು ಕಾಲುಭಾಗದಷ್ಟಿದೆ. ಅದರಿಂದ ಕಿವುಡುತನದಂಥ ಕೆಲವು ಸ್ಥಿತಿಗಳ ಸಾಧ್ಯತೆ ಹೆಚ್ಚುತ್ತದೆ ಎಂಬುದು ನಿಜ. ಆ ತಿಳಿವಳಿಕೆಯನ್ನು ಆಪ್ತಸಮಾಲೋಚನೆಯಲ್ಲಿ ಹೇಳಬೇಕು. ಆಗಲೇ ಹುಟ್ಟಿರುವ ಮಗುವಿನ ಮುಂದೆ ತಾಯಿಯನ್ನು ಬೈಯಲು ಅದು ಬಳಕೆಯಾಗಬಾರದು.

ಚಿಕಿತ್ಸೆಯ ಬೆಲೆ

ಚಿಕಿತ್ಸೆಯ ಹಕ್ಕೂ ಅಂಗವಿಕಲರ ಹಕ್ಕೇ. ಜೀನ್ ಚಿಕಿತ್ಸೆಯನ್ನು ಸಾರಾಸಗಟಾಗಿ ವಿರೋಧಿಸುವವರು ಚಳವಳಿಯಲ್ಲಿ ಕಡಿಮೆ. ಬೆನ್ನುಹುರಿಯ ಸ್ನಾಯುಕ್ಷಯ ಎಂಬ ಕಾಯಿಲೆಯ ಮಗು ಕುತ್ತಿಗೆ ನಿಲ್ಲಿಸಲಾರದೆ, ಕೊನೆಗೆ ಉಸಿರೆಳೆಯಲಾರದೆ ಸೋಲುವುದನ್ನು ಕಂಡ ತಂದೆತಾಯಿಗೆ ತಾತ್ವಿಕ ಚರ್ಚೆಗಿಂತ ಔಷಧ ಮುಖ್ಯ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಜೋಲ್ಗೆನ್ಸ್ಮಾ ಒಂದೇ ಸಲ ಕೊಡುವ ಜೀನ್ ಚಿಕಿತ್ಸೆ, ಆಗ ಅದರ ಬೆಲೆ 21 ಲಕ್ಷ ಡಾಲರಿಗೂ ಹೆಚ್ಚು. ಆ ಚುಚ್ಚುಮದ್ದಿಗಾಗಿ ಹದಿನಾರು ಕೋಟಿ ರೂಪಾಯಿ ಬೇಕೆಂದು ಕರ್ನಾಟಕದ ಕುಟುಂಬಗಳು ವಾಟ್ಸ್‌ಆ್ಯಪ್‌ನಲ್ಲಿ ಕೈಯೊಡ್ಡಿದ್ದನ್ನು ನಾವೆಲ್ಲ ನೋಡಿದ್ದೇವೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ರೋಗಿಯೊಬ್ಬರಿಗೆ ಈಗ ಸಿಗಬಹುದಾದ ನೆರವಿನ ಮಿತಿ 50 ಲಕ್ಷ. ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವನ್ನು ಇಂದಿರಾ ಗಾಂಧಿ ಆಸ್ಪತ್ರೆಯೊಂದಿಗೆ ಈ ನೀತಿಯ ಉತ್ಕೃಷ್ಟತಾ ಕೇಂದ್ರವಾಗಿ ಗುರುತಿಸಲಾಗಿದೆ.

ಬೆಲೆ ಎಂಬುದು ವಿಧಿಬರಹವಲ್ಲ ಎಂಬುದಕ್ಕೆ ಇದೇ ಕಾಯಿಲೆಯ ಇನ್ನೊಂದು ಔಷಧ ಸಾಕ್ಷಿ. ಬಾಯಲ್ಲಿ ಕುಡಿಸುವ ರಿಸ್ಡಿಪ್ಲಾಮ್ ಬಾಟಲಿಗೆ 6 ಲಕ್ಷ ರೂಪಾಯಿ ಇತ್ತು. ಭಾರತದ ಕಂಪನಿಯೊಂದು ಅದನ್ನು ತಯಾರಿಸದಂತೆ ತಡೆಯಲು ಪೇಟೆಂಟ್ ಹೊಂದಿದ ಕಂಪನಿ ಮಾಡಿದ ಪ್ರಯತ್ನ 2025ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸೋತಿತು. ಅದರ ಬೆನ್ನಿಗೇ ಬಂದ ದೇಶಿ ಔಷಧದ ಬೆಲೆ ಸುಮಾರು 16 ಸಾವಿರ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ತೀವ್ರ ಹಿಮೋಫಿಲಿಯಾದ ಐವರಿಗೆ ಜೀನ್ ಚಿಕಿತ್ಸೆ ನೀಡಿದ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿತು. ಸಿಕಲ್ ಸೆಲ್‌ಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿದ ಜಗತ್ತಿನ ಮೊದಲ ಕ್ರಿಸ್ಪರ್ ಚಿಕಿತ್ಸೆಗೆ ಅಮೆರಿಕದಲ್ಲಿ 22 ಲಕ್ಷ ಡಾಲರ್ ಬೆಲೆಯಿದೆ. ಆ ಬೆಲೆಗೆ ಅದು ಸೋಲಿಗರ ಪೋಡಿಗೆ ಎಂದೂ ತಲುಪದು.

ಕಿವುಡುತನದಲ್ಲಿ ಮಾತು ಬೇರೆ. ಕೈಸನ್ನೆ ಭಾಷೆಯನ್ನೇ ತಾಯ್ನುಡಿಯಾಗಿ ಪಡೆದವರು ತಮ್ಮನ್ನು ರೋಗಿಗಳೆಂದು ಎಣಿಸುವುದಿಲ್ಲ, ಭಾಷಿಕ ಅಲ್ಪಸಂಖ್ಯಾತರೆಂದು ಎಣಿಸುತ್ತಾರೆ. ಬ್ರಿಟನ್ನಿನ 2008ರ ಕಾನೂನು ಗಂಭೀರ ಅಂಗವೈಕಲ್ಯದ ಸಾಧ್ಯತೆಯಿರುವ ಭ್ರೂಣವನ್ನು ಬೇರೆ ಭ್ರೂಣಕ್ಕಿಂತ ಮೇಲಾಗಿ ಆರಿಸಬಾರದು ಎಂದಾಗ ಅಲ್ಲಿಯ ಕಿವುಡ ಸಮುದಾಯ ಇದು ತಮಗೆ ಮಾಡಿದ ಅವಮಾನ ಎಂದು ಪ್ರತಿಭಟಿಸಿತು. ಅದೇ ದೇಶದಲ್ಲಿ 10 ಸಾವಿರ ಆಟಿಸ್ಟಿಕ್ ವ್ಯಕ್ತಿಗಳ ಡಿಎನ್‌ಎ ಸಂಗ್ರಹಿಸಲು 2021ರ ಆಗಸ್ಟ್‌ನಲ್ಲಿ ಶುರುವಾದ ಯೋಜನೆಯನ್ನು, ನಮ್ಮ ಮಾಹಿತಿ ಮುಂದೆ ಯಾವ ಬಳಕೆಗೆ ಹೋಗುತ್ತದೆ ಎಂದು ಆಟಿಸ್ಟಿಕ್ ಸಮುದಾಯದವರು ಕೇಳಿದ್ದರಿಂದ ಮುಂದಿನ ತಿಂಗಳೇ ನಿಲ್ಲಿಸಬೇಕಾಯಿತು.

ಮುಂದಿನ ಪೀಳಿಗೆಗೆ ಹೋಗುವ ತಿದ್ದುಪಡಿ

ಹುಟ್ಟಿದ ರೋಗಿಯ ಕೋಶದಲ್ಲಿ ಮಾಡುವ ತಿದ್ದುಪಡಿ ಅವನೊಂದಿಗೇ ಮುಗಿಯುತ್ತದೆ. ಭ್ರೂಣದಲ್ಲಿ ಮಾಡಿದ್ದು ಅವನ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತದೆ. 2018ರ ನವೆಂಬರ್‌ನಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಚ್‌ಐವಿ ತಗಲದಂತೆ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಘೋಷಿಸಿದಾಗ ವಿಜ್ಞಾನಿಗಳೇ ತಲ್ಲಣಿಸಿದರು. ಮರುವರ್ಷ ಅವನಿಗೆ ಮೂರು ವರ್ಷ ಸೆರೆವಾಸವಾಯಿತು. ಯುರೋಪಿನ 1997ರ ಒವಿಯೆದೊ ಒಡಂಬಡಿಕೆ ಇಂಥ ತಿದ್ದುಪಡಿಯನ್ನು ನಿಷೇಧಿಸಿದೆ. ಭಾರತದ 2019ರ ಜೀನ್ ಚಿಕಿತ್ಸೆಯ ಮಾರ್ಗಸೂಚಿಯೂ ನಿಷೇಧಿಸುತ್ತದೆ. ಪ್ರನಾಳ ಶಿಶು ಕೇಂದ್ರಗಳಲ್ಲಿ ಭ್ರೂಣ ತಪಾಸಣೆ ಗೊತ್ತಿರುವ ಆನುವಂಶಿಕ ಕಾಯಿಲೆಗಳಿಗೆ ಸೀಮಿತವಾಗಿರಬೇಕು ಎಂದು 2021ರ ಸಹಾಯಕ ಸಂತಾನೋತ್ಪತ್ತಿ ಕಾಯ್ದೆ ಹೇಳುತ್ತದೆ. ಎತ್ತರ, ಬುದ್ಧಿಮತ್ತೆಗೆ ಅಂಕ ಹಾಕಿ ಭ್ರೂಣ ಆರಿಸಿಕೊಡುವ ಕಂಪನಿಗಳು ಅಮೆರಿಕದಲ್ಲಿ ಹುಟ್ಟಿರುವಾಗ ಈ ಗೆರೆಯನ್ನು ಕಾಯುವುದು ಅಗತ್ಯ.

ವಿಮೆ, ಮಾಹಿತಿ

ಕಾಯಿಲೆ ಬರುವ ಮೊದಲೇ ಜೀನ್ ನೋಡಿ ಮನುಷ್ಯನನ್ನು ಹೊರಗಿಡುವುದು ಹೊಸ ಬಗೆಯ ತಾರತಮ್ಯ. ಅಮೆರಿಕದ 2008ರ ಕಾಯ್ದೆ ಆರೋಗ್ಯ ವಿಮೆಯಲ್ಲೂ ಉದ್ಯೋಗದಲ್ಲೂ ಇದನ್ನು ತಡೆಯುತ್ತದೆ, ಜೀವವಿಮೆಯನ್ನು ಮುಟ್ಟುವುದಿಲ್ಲ. ಕೆನಡಾ 2017ರಲ್ಲಿ ಇನ್ನೂ ವಿಸ್ತಾರವಾದ ಕಾನೂನು ಮಾಡಿತು. ಭಾರತದಲ್ಲಿ ಇದಕ್ಕೆಂದೇ ಕಾಯ್ದೆ ಇಲ್ಲ. ಆನುವಂಶಿಕ ಹೃದ್ರೋಗವಿದ್ದ ಪಾಲಿಸಿದಾರರೊಬ್ಬರಿಗೆ ಹಣ ನಿರಾಕರಿಸಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರ ಫೆಬ್ರುವರಿಯಲ್ಲಿ, 'ಆನುವಂಶಿಕ ಕಾಯಿಲೆ' ಎಂದು ಒಟ್ಟಾರೆ ಹೊರಗಿಡುವುದು ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದಿತು. ಮುಂದಿನ ತಿಂಗಳೇ ವಿಮಾ ನಿಯಂತ್ರಣ ಪ್ರಾಧಿಕಾರ ಆ ಕಾರಣಕ್ಕೆ ಕ್ಲೇಮು ತಿರಸ್ಕರಿಸಬಾರದೆಂದು ಕಂಪನಿಗಳಿಗೆ ಸೂಚಿಸಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ 10 ಸಾವಿರ ಭಾರತೀಯರ ಜೀನೋಮ್ ಓದಿ ಮುಗಿಸಿದೆ. ಭಾರತೀಯರ ಕಾಯಿಲೆಗಳನ್ನು ಪಾಶ್ಚಾತ್ಯರ ಅಳತೆಗೋಲಿನಲ್ಲಿ ಅಳೆಯುವುದನ್ನು ಇದು ತಪ್ಪಿಸುತ್ತದೆ, ಹಾಗಾಗಿ ಸ್ವಾಗತಾರ್ಹ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ಷ್ಮ ಮಾಹಿತಿ ಎಂಬ ಪ್ರತ್ಯೇಕ ವರ್ಗವೇ ಇಲ್ಲ. ಫೋನ್ ನಂಬರಿಗೂ ಇಡೀ ವಂಶದ ಗುಟ್ಟನ್ನು ಹೇಳುವ ಜೀನ್‌ಗೂ ಒಂದೇ ಮಟ್ಟದ ಕಾವಲು.

ಯಾರು ತೀರ್ಮಾನಿಸಬೇಕು

2000ದ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಸೋಲಿಹಲ್‌ನಲ್ಲಿ ಸೇರಿದ ಯುರೋಪಿನ ಅಂಗವಿಕಲರ ಸಂಘಟನೆಗಳು ಬದುಕುವ ಮತ್ತು ಬೇರೆಯಾಗಿರುವ ಹಕ್ಕನ್ನು ಸಾರುವ ಹೇಳಿಕೆ ಹೊರಡಿಸಿ, ತಳಿ ತಂತ್ರಜ್ಞಾನದ ಬಗೆಗಿನ ಎಲ್ಲ ಚರ್ಚೆಯಲ್ಲೂ ತಮಗೆ ಪಾಲು ಬೇಕೆಂದವು. ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿಯಾಗಿದ್ದ ಕೋಸ್ಟರಿಕಾದ ಕತಲೀನಾ ದೇವಂದಾಸ್, ಸ್ವತಃ ಗಾಲಿಕುರ್ಚಿ ಬಳಸುವವರು, 2020ರಲ್ಲಿ ಮಾನವ ಹಕ್ಕುಗಳ ಮಂಡಳಿಯ ಮುಂದಿಟ್ಟ ವರದಿಯಲ್ಲಿ ಇದನ್ನೇ ವಿಸ್ತರಿಸಿದರು. ಅಂಗವೈಕಲ್ಯದ ಬದುಕು ಬದುಕಲು ಯೋಗ್ಯವಲ್ಲ ಎಂಬ ಪೂರ್ವಗ್ರಹ ವೈದ್ಯಕೀಯ ನೀತಿಯೊಳಗೆ ಎಷ್ಟು ಆಳವಾಗಿ ಕುಳಿತಿದೆ ಎಂದು ಅದು ತೋರಿಸಿತು.

ಭಾರತದಲ್ಲಿ ಇದಕ್ಕೆ ದಾರಿ ಇಲ್ಲದಿಲ್ಲ. 2016ರ ಕಾಯ್ದೆಯ 6ನೇ ಕಲಂ ಪ್ರಕಾರ ಅಂಗವಿಕಲರ ಮೇಲೆ ಸಂಶೋಧನೆ ನಡೆಸಲು ಅವರಿಗೆ ಅರ್ಥವಾಗುವ ರೀತಿಯಲ್ಲಿ ಪಡೆದ ಒಪ್ಪಿಗೆಯ ಜೊತೆಗೆ ಅಂಗವೈಕಲ್ಯ ಸಂಶೋಧನಾ ಸಮಿತಿಯ ಪೂರ್ವಾನುಮತಿ ಬೇಕು, ಆ ಸಮಿತಿಯಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ ಅಂಗವಿಕಲರು ಅಥವಾ ಅವರ ನೋಂದಾಯಿತ ಸಂಘಟನೆಯ ಸದಸ್ಯರು ಇರಬೇಕು. ಗರ್ಭಪಾತ ಕಾಯ್ದೆಯ ವೈದ್ಯಕೀಯ ಮಂಡಳಿಗೆ ಕಾನೂನು ಹೆಸರಿಸಿರುವುದು ಪ್ರಸೂತಿ ತಜ್ಞರು, ಮಕ್ಕಳ ತಜ್ಞರು, ವಿಕಿರಣ ಅಥವಾ ಸೋನಾಲಜಿ ತಜ್ಞರನ್ನು ಮಾತ್ರ. ಉಳಿದ ಸದಸ್ಯರನ್ನು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರ ಸರ್ಕಾರಕ್ಕಿದೆ. ಅಂಗವೈಕಲ್ಯದೊಂದಿಗೆ ಬದುಕಿದ ಅನುಭವವನ್ನು, ಕೇಳಲು ಬಯಸುವ ತಾಯಿಗೆ ನೇರವಾಗಿ ಹೇಳಬಲ್ಲ ಒಬ್ಬರನ್ನು ಆ ಅಧಿಕಾರ ಬಳಸಿ ನೇಮಿಸಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಸರ್ಕಾರದ ಒಂದು ಅಧಿಸೂಚನೆ ಸಾಕು.